ರಕ್ತವಿಲ್ಲದ ಆರೈಕೆ

ಉಪಶಾಮಕ ಆರೈಕೆಗೆ ನಮ್ಮಲ್ಲಿ ಈಗ ದೊಡ್ಡ ಹೆಸರು. ಕೋಝಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಕೆಲಸ, ಬೆಂಗಳೂರಿನ ಕರುಣಾಶ್ರಯ, ಮಣಿಪಾಲದ ವಿಭಾಗ ಮತ್ತು ಹಾಸ್ಪಿಸ್ ಎಲ್ಲವೂ ಗೌರವಕ್ಕೆ ಅರ್ಹ. ಆದರೆ ಆ ಹೆಸರು ಬಂದದ್ದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿಂದ. ಮಾರ್ಫಿನ್, ಹುಣ್ಣಿನ ಡ್ರೆಸ್ಸಿಂಗ್, ಮನೆಗೆ ಬರುವ ನರ್ಸ್ ಇದ್ದರೆ ಅಲ್ಲಿ ಬಹಳಷ್ಟು ಸಂಕಟ ಇಳಿಯುತ್ತದೆ. ವಯಸ್ಕರ ತೀವ್ರ ಲ್ಯುಕೇಮಿಯಾಕ್ಕೆ ಇಷ್ಟು ಸಾಲದು. ಇದನ್ನು ಹೇಳಲು ನಮ್ಮ ಪ್ರಶಂಸಕರು ಯಾಕೋ ಹಿಂಜರಿಯುತ್ತಾರೆ.

ಅವರು ಎತ್ತಿಹಿಡಿಯುವ ಆದರ್ಶ ‘ಮನೆಯಲ್ಲೇ ನೆಮ್ಮದಿಯ ಸಾವು’. ಕಟಪಾಡಿಯ ಒಂದು ಮನೆಯಲ್ಲಿ ಅದನ್ನಿಟ್ಟು ನೋಡೋಣ. ಅಸ್ಥಿಮಜ್ಜೆ ಕೈಕೊಟ್ಟ ರೋಗಿಗೆ ನೋವಿಗಿಂತ ಹೆಚ್ಚಾಗಿ ಕಾಡುವುದು ಏದುಸಿರು, ಎದ್ದು ಕೂರಲಾಗದ ಸುಸ್ತು, ವಸಡಿನ ರಕ್ತ, ಬಿಡದ ಜ್ವರ. ಏದುಸಿರಿಗೂ ಸುಸ್ತಿಗೂ ಕೆಂಪುಕಣದ ಚೀಲ, ರಕ್ತಸ್ರಾವಕ್ಕೆ ಪ್ಲೇಟ್‌ಲೆಟ್. ಪ್ಲೇಟ್‌ಲೆಟ್ಟನ್ನು 20ರಿಂದ 24 ಡಿಗ್ರಿಯಲ್ಲಿ ಸತತ ಅಲುಗಾಡಿಸುತ್ತ ಇಡಬೇಕು. ಸಾಮಾನ್ಯವಾಗಿ ಐದೇ ದಿನದ ಆಯುಸ್ಸು. ಮನೆಯ ಫ್ರಿಜ್ಜಿನಲ್ಲಿ ಇಡುವ ವಸ್ತುವಲ್ಲ ಅದು. ಹಾಗಾಗಿ ಮನೆ ಬೇಕೆಂದವರು ರಕ್ತ ಬಿಡಬೇಕು, ರಕ್ತ ಬೇಕೆಂದವರು ಮತ್ತೆ ಹೆದ್ದಾರಿ ಹಿಡಿದು ಮಣಿಪಾಲಕ್ಕೆ ಓಡಬೇಕು. ಇದನ್ನು ರೋಗಿಯ ಆಯ್ಕೆ ಎಂದು ಬರೆದುಕೊಳ್ಳುವುದು ಅನ್ಯಾಯ.

ಹಾಗಾದರೆ ಕೊನೆಯವರೆಗೂ ಚೀಲ ಏರಿಸುತ್ತಲೇ ಇರುವುದೆ? ಚಿಕಿತ್ಸೆಯ ಹೊತ್ತಿನಲ್ಲಿ ಪ್ಲೇಟ್‌ಲೆಟ್ 10,000ಕ್ಕಿಂತ ಇಳಿದರೆ, ರಕ್ತ ಸೋರದಿದ್ದರೂ ಕೊಡುತ್ತಾರೆ. ಕೊನೆಯ ವಾರಗಳಲ್ಲಿ ಆ ಅಂಕಿಗೆ ಆ ಅಧಿಕಾರ ಇರಬಾರದು. ಮೂಗು, ವಸಡು ಸೋರುತ್ತಿದೆಯೆ? ಹೋದ ಸಲದ ಚೀಲದ ನಂತರ ಎರಡು ದಿನವಾದರೂ ಚಾವಡಿಯಲ್ಲಿ ಕೂತು ಗಂಜಿ ಉಣ್ಣಲಾಯಿತೆ? ಆಗಿದ್ದರೆ ಕೊಡಬೇಕು, ಆಗದಿದ್ದಾಗ, ರೋಗಿಯೊಡನೆ ಮಾತಾಡಿ, ನಿಲ್ಲಿಸಬೇಕು. ದೊಡ್ಡ ರಕ್ತಸ್ರಾವದ ಭಯವಿದ್ದರೆ ಗಾಢ ಬಣ್ಣದ ಟವೆಲ್ಲುಗಳನ್ನೂ ಮಂಪರು ತರಿಸುವ ಮಿಡಜೋಲಮ್ಮನ್ನೂ ಮೊದಲೇ ಮನೆಗೆ ಮುಟ್ಟಿಸಿ, ಯಾವಾಗ, ಹೇಗೆ ಬಳಸುವುದೆಂದು ಮನೆಯವರಿಗೆ ಕಲಿಸಿರಬೇಕು. ನಾನು ಕೌಶಲವೆನ್ನುವುದು ಇದನ್ನು.

ಸಾಯುವವರಿಗೆ ರಕ್ತ ಕೊಡುವುದು ದಂಡ ಎನ್ನುವವರಿದ್ದಾರೆ. ಗುಣವಾಗದವರ ನೋವಿಗೆ ಮಾರ್ಫಿನ್ ಕೊಡುವುದು ದಂಡವೆಂದು ಅವರು ಹೇಳುವುದಿಲ್ಲವಲ್ಲ! ರಕ್ತದ ಕೊರತೆ ನಿಜ. ಅದಕ್ಕೆ ಉತ್ತರ ದಾನಿಗಳನ್ನು ಹುಡುಕುವುದು. ಇನ್ನೊಂದು ವಾದ ಇದಕ್ಕಿಂತ ಹಳೆಯದು, ಹೆಚ್ಚು ಹಾನಿ ಮಾಡಿದ್ದು: ಕೀಮೋ ನಡೆಯುವಾಗಲೇ ಉಪಶಾಮಕ ತಂಡವನ್ನು ಕರೆದರೆ ರೋಗಿ ಧೈರ್ಯಗೆಡುತ್ತಾನಂತೆ. ಅಮೆರಿಕದ ನಾಲ್ಕು ಆಸ್ಪತ್ರೆಗಳಲ್ಲಿ ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ 160 ರೋಗಿಗಳ ಮೇಲೆ ಅರೀಜ್ ಎಲ್-ಜವಾಹ್ರಿ ಮತ್ತು ಸಂಗಡಿಗರು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ವಿರುದ್ಧವಾದುದನ್ನೇ ತೋರಿಸಿತು. ಆಸ್ಪತ್ರೆಯಲ್ಲಿದ್ದಾಗ ವಾರಕ್ಕೆ ಎರಡು ಸಲವಾದರೂ ಉಪಶಾಮಕ ತಂಡ ಕಂಡವರಲ್ಲಿ ಆತಂಕ, ಖಿನ್ನತೆ ಕಡಿಮೆಯಿದ್ದವು. ಮುಂದೆ ತೀರಿಕೊಂಡವರಲ್ಲಿ, ಕೊನೆಗಾಲದ ಇಷ್ಟಾನಿಷ್ಟಗಳನ್ನು ಮಾತಾಡಿದವರೂ ಆ ಗುಂಪಿನಲ್ಲೇ ಹೆಚ್ಚು.

ನಮ್ಮಲ್ಲಿ ಆ ಮಾತು ಎಷ್ಟೋ ಸಲ ನಡೆಯುವುದು ವಾರ್ಡಿನ ಬಾಗಿಲ ಹೊರಗೆ, ಮಗನೊಡನೆ, ‘ಇನ್ನೇನೂ ಮಾಡಲಿಕ್ಕಿಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎನ್ನುವ ದಿನ. ಅದು ಕೀಮೋದ ಮೊದಲ ವಾರದಲ್ಲೇ ರೋಗಿಯ ಹಾಸಿಗೆಯ ಪಕ್ಕದಲ್ಲಿ ಶುರುವಾಗಬೇಕು, ರಕ್ತ ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನೂ ಸೇರಿಸಿಕೊಂಡು. ಅಲ್ಲಿಯವರೆಗೆ ಈ ಕಾಯಿಲೆಯ ಮಟ್ಟಿಗೆ ಆ ದೊಡ್ಡ ಹೆಸರನ್ನು ನಾನು ಒಪ್ಪಲಾರೆ.