ಹಳೆಯ ಸಂಚಿಕೆಗಳನ್ನು ಓದುವ ಬಗೆ: ಗಡಿಸೀಮೆಯ ರಸಿಕರಿಗೊಂದು ಕೈಪಿಡಿ

ಸಂಕಲನಗಳಲ್ಲಿ ಕತೆಗಳನ್ನೋದಿ ರುಚಿಯನ್ನು ಬೆಳೆಸಿಕೊಂಡ ತರುಣನ ಕೈಗೆ ಅರುವತ್ತು-ಎಪ್ಪತ್ತು ವರ್ಷಗಳ ಹಿಂದಿನ ಮಾಸಪತ್ರಿಕೆಯೊಂದರ ಸಂಪುಟವನ್ನು ಕೊಟ್ಟರೆ, ಆತನು ಪರಿವಿಡಿಯನ್ನು ತೆರೆದು, ಪರಿಚಿತವಾದ ಒಂದೆರಡು ಹೆಸರುಗಳನ್ನು ಹುಡುಕಿ, ಆ ನಾಲ್ಕು ಪುಟಗಳನ್ನು ಮಾತ್ರ ಓದಿ, ಉಳಿದುದನ್ನೆಲ್ಲ ಕಾಲಗತಿಗೆ ಒಪ್ಪಿಸಿ ಸಂಪುಟವನ್ನು ಮುಚ್ಚಿಬಿಡುವದು ಸಾಮಾನ್ಯ. ಪತ್ರಿಕೆಯಲ್ಲಿ ಅಚ್ಚಾದ ಕತೆಯು ಅರ್ಧ ಲೇಖಕನದು, ಅರ್ಧ ಸಂಚಿಕೆಯದು ಎಂಬುದು ಆತನಿಗೆ ಇನ್ನೂ ಹೊಳೆದಿರುವದಿಲ್ಲ. ಹಿಂದಿನ ಪುಟದ ಸಂಪಾದಕೀಯ, ಮುಂದಿನ ಪುಟದ ಗ್ರಂಥವಿಮರ್ಶೆ, ಜಾಗ ತುಂಬಲೆಂದು ಅಡಿಯಲ್ಲಿ ಸೇರಿಸಿದ ನಾಲ್ಕು ಸಾಲಿನ ನಗೆಹನಿ, ರಕ್ಷಾಪುಟದ ಮೇಲಿನ ಕೇಶತೈಲದ ಜಾಹೀರಾತು, ಇವೆಲ್ಲವೂ ಕೂಡಿ ಆ ಕತೆಗೊಂದು ಓಣಿಯನ್ನು ಕಟ್ಟಿರುತ್ತವೆ. ಓಣಿಯನ್ನು ಬಲ್ಲವನಿಗೆ ಮನೆಯ ಗುರುತು ಸುಲಭವಾಗಿ ಸಿಕ್ಕುವಂತೆ, ಸಂಚಿಕೆಯನ್ನು ಆದ್ಯಂತವಾಗಿ ಬಲ್ಲವನಿಗೆ ಕತೆಯ ಇಂಗಿತವು ತಾನಾಗಿ ತೆರೆದುಕೊಳ್ಳುವದು. ಆದುದರಿಂದ ಹೊಸಬನು ಮೊದಲು ರೂಢಿಸಿಕೊಳ್ಳತಕ್ಕ ನಿಯಮವು ಇಷ್ಟೇ: ಕತೆಯನ್ನು ಆರಿಸಬೇಡಿರಿ, ಒಂದು ಸಂಚಿಕೆಯನ್ನು ಆರಿಸಿರಿ, ಮುಖಪುಟದಿಂದ ಹಿಂಬದಿಯ ಪುಟದವರೆಗೆ ಒಂದನ್ನೂ ಬಿಡದೆ ಓದಿರಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸುತ್ತಣ ಓದುಗನಿಗೆ ಈ ಸಂಸ್ಕಾರವು ಅನ್ಯರಿಗಿಂತ ಬೇಗನೆ ಮೈಗೂಡತಕ್ಕದ್ದು. ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಗೂ, ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೂ ಸೇರಿದ್ದ ಕಾಲದಲ್ಲಿ ಇಲ್ಲಿಯ ಟಪಾಲಿನ ಚೀಲವು ದ್ವಿಭಾಷಿಯಾಗಿತ್ತು. ಮೀರಜದಿಂದ ಲೋಂಡೆಗೆ ಹೋಗುವ ರೈಲುಮಾರ್ಗದಲ್ಲಿ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಎಂದು ಒಂದರ ಬೆನ್ನಿಗೊಂದು ನಿಲ್ದಾಣಗಳಿವೆ. ಉತ್ತರದ ತುದಿಯಿಂದ ಪುಣೆ, ಮುಂಬಯಿಗಳ ಮರಾಠಿ ಮಾಸಿಕಗಳೂ, ದಕ್ಷಿಣದ ತುದಿಯಿಂದ ಧಾರವಾಡ-ಹುಬ್ಬಳ್ಳಿಗಳ ಕನ್ನಡ ಪತ್ರಿಕೆಗಳೂ ಬರತಕ್ಕ ಹಾದಿ ಇದೇ. ಕಿರ್ಲೋಸ್ಕರವಾಡಿಯಿಂದ 1920ರಲ್ಲಿ ಹೊರಡಲಾರಂಭಿಸಿದ ಮಾಸಿಕವಾದರೂ, ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಉದ್ಯೋಗವನ್ನು ಮೊದಲು ಮಾಡಿದ ಮನೆತನದ್ದೇ ಆಗಿತ್ತು. ಅದರ ಬೆನ್ನಿಗೆ 1930ರಲ್ಲಿ ಹೆಂಗಸರಿಗೆಂದೇ ‘ಸ್ತ್ರೀ’ ಎಂಬ ಮಾಸಿಕವೂ ಹುಟ್ಟಿತು. ದೀಪಾವಳಿಗೊಂದು ದಪ್ಪನೆಯ ವಿಶೇಷಾಂಕವನ್ನು ತರುವ ಪದ್ಧತಿಯನ್ನು ಮರಾಠಿಯ ‘ಮನೋರಂಜನ’ವು 1909ರಲ್ಲಿಯೇ ಆರಂಭಿಸಿತ್ತು. ಕನ್ನಡದ ಹಳೆಯ ದೀಪಾವಳಿ ಸಂಚಿಕೆಯೊಂದು ಕೈಗೆ ಸಿಕ್ಕಾಗ, ಪಕ್ಕದ ಮರಾಠಿ ಅಂಕವನ್ನೂ ಜೊತೆಯಲ್ಲಿಟ್ಟುಕೊಂಡು ಓದಬಲ್ಲ ಭಾಗ್ಯವು ಈ ಸೀಮೆಯವನಿಗಲ್ಲದೆ ಮೈಸೂರಿನವನಿಗೆ ಎಲ್ಲಿಂದ ಬರಬೇಕು?

ಕಂತುಕಂತಾಗಿ ಪ್ರಕಟವಾದ ಕಾದಂಬರಿಯನ್ನು ಓದುವ ಕ್ರಮವು ಬೇರೆ. ಹರಿ ನಾರಾಯಣ ಆಪಟೆಯವರು 1890ರಲ್ಲಿ ‘ಕರಮಣೂಕ’ವೆಂಬ ವಾರಪತ್ರಿಕೆಯನ್ನು ತೆಗೆದು ಮರಾಠಿ ವಾಚಕರಿಗೆ ಈ ರುಚಿಯನ್ನು ಹತ್ತಿಸಿದರು, ಅವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು (1869–1942), ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯ ಮೂಲಕ, ಪುಸ್ತಕವನ್ನೇ ಕಾಣದಿದ್ದ ಮನೆಗಳಲ್ಲಿ ಓದುವ ಚಟವನ್ನು ಹುಟ್ಟಿಸಿದರು. ಇಂಥ ಕೃತಿಯನ್ನು ಒಂದೇ ಬೈಠಕಿನಲ್ಲಿ ಓದಿ ಮುಗಿಸಿ, ‘ಇದರಲ್ಲಿ ಪುನರುಕ್ತಿ ಬಹಳ’ ಎಂದು ತೀರ್ಪು ಕೊಡುವದು ಅನ್ಯಾಯ. ತಿಂಗಳ ಹಿಂದೆ ಓದಿ ಮರೆತವನಿಗೆ ಕಥಾಸೂತ್ರವನ್ನು ಮರಳಿ ಕೈಗೆ ಕೊಡುವ ಸಲುವಾಗಿ ಬಂದದ್ದು ಆ ಪುನರುಕ್ತಿ. ಒಂದು ಕಂತನ್ನು ಓದಿ ನಿಲ್ಲಿಸಿರಿ. ತಿಂಗಳು ಕಾಯುವ ತಾಳ್ಮೆ ಇಲ್ಲದಿದ್ದರೆ ಎರಡು ದಿನವಾದರೂ ಕಾಯಿರಿ. ಲೇಖಕನು ಯಾವ ಪಾತ್ರವನ್ನು ಯಾವ ಸಂಕಟದಲ್ಲಿ ನಿಲ್ಲಿಸಿ ಹೋದನು, ಮುಂದಿನ ಕಂತಿನ ಮೊದಲ ವಾಕ್ಯದಲ್ಲಿ ಅದನ್ನು ಹೇಗೆ ಕೈಗೆತ್ತಿಕೊಂಡನು ಎಂಬುದನ್ನು ಲಕ್ಷ್ಯವಿಟ್ಟು ನೋಡಿರಿ. ‘ವಾಚಕರೇ’ ಎಂದು ನಡುವೆ ಕರೆಯುವ ಆ ಧ್ವನಿಗೆ ಇಂದಿನವರು ನಗುವದುಂಟು. ಓದು ಬಾರದ ಹತ್ತು ಮಂದಿಯ ನಡುವೆ ಓದು ಬಲ್ಲವನೊಬ್ಬನು ಕುಳಿತು ಗಟ್ಟಿಯಾಗಿ ಓದುವ ಜಗಲಿಗೆ ಆ ಕರೆ ತಕ್ಕುದಾಗಿಯೇ ಇತ್ತು.

ಹಳೆಯ ಸಂಚಿಕೆಯ ಲೇಖಕರ ಹೆಸರುಗಳನ್ನು ಕಂಡು ಹೊಸಬನು ಮೋಸ ಹೋಗಬಾರದು. ಆಲೂರು ವೆಂಕಟರಾಯರು 1922ರಲ್ಲಿ ಧಾರವಾಡದಿಂದ ಹೊರಡಿಸಿದ ‘ಜಯಕರ್ನಾಟಕ’ದಲ್ಲಿಯಾಗಲಿ, ಅದರಲ್ಲಿ ಪಳಗಿದ ಬೆಟಗೇರಿ ಕೃಷ್ಣಶರ್ಮರು 1938ರಲ್ಲಿ ಸ್ವತಂತ್ರವಾಗಿ ಆರಂಭಿಸಿದ ‘ಜಯಂತಿ’ಯಲ್ಲಿಯಾಗಲಿ, ಸಂಪಾದಕನೇ ಕವಿ, ಕತೆಗಾರ, ವಿಮರ್ಶಕ, ಕರಡು ತಿದ್ದುವವ, ಒಮ್ಮೊಮ್ಮೆ ಚಂದಾ ವಸೂಲಿಗೆ ಅಲೆಯುವವ, ತನ್ನ ಹೆಸರೇ ನಾಲ್ಕು ಕಡೆ ಕಾಣಬಾರದೆಂದು ಕಾವ್ಯನಾಮದ ಮರೆ. ಗೋಕಾವಿ ಸೀಮೆಯ ಬೆಟಗೇರಿಯ ಈ ಶರ್ಮರೇ ‘ಆನಂದಕಂದ’, ಬೇಂದ್ರೆಯವರು ‘ಅಂಬಿಕಾತನಯದತ್ತ’, ಮನೋಹರ ಗ್ರಂಥಮಾಲೆಯ ಜಿ. ಬಿ. ಜೋಶಿಯವರು ‘ಜಡಭರತ’. ಈ ಹೆಸರುಗಳ ಪಟ್ಟಿಯೊಂದನ್ನು ಬರೆದಿಟ್ಟುಕೊಂಡು ಓದಿದರೆ, ಸಂಚಿಕೆಯ ತುಂಬ ಹರಡಿರುವ ಹತ್ತು ಧ್ವನಿಗಳಲ್ಲಿ ಎಷ್ಟು ಒಂದೇ ಕಂಠದಿಂದ ಹೊರಟವು ಎಂಬುದು ತಿಳಿದು, ಪತ್ರಿಕೆಯೆಂಬುದು ಹೇಗೆ ಒಬ್ಬ ಮನುಷ್ಯನ ತಪಶ್ಚರ್ಯೆಯಾಗಿತ್ತು ಎಂಬುದು ಮನದಟ್ಟಾಗುವದು.

ಇನ್ನು ಕಿವಿಯ ಮಾತು. ಮಾತಿನ ಧಾಟಿಯನ್ನು ಕಿವಿಯಲ್ಲಿ ಹಿಡಿಯಲು ಕಲಿಯಬೇಕೆಂಬ ರಸಿಕನು ಶೇಡಬಾಳದ ಮಿರ್ಜಿ ಅಣ್ಣಾರಾಯರಿಂದ (1918–1975) ಆರಂಭಿಸಲಿ. ಇಂದು ಕಾಗವಾಡ ತಾಲೂಕಿನದಾದ, ಅವರ ಕಾಲಕ್ಕೆ ಅಥಣಿ ತಾಲೂಕಿನದಾಗಿದ್ದ ಈ ಊರಿನ ಶಿಕ್ಷಕರು, 1945ರಲ್ಲಿ ಪ್ರಕಟವಾದ ‘ನಿಸರ್ಗ’ ಕಾದಂಬರಿಯಲ್ಲಿ ಕೃಷ್ಣಾತೀರದ ಜೈನ ಒಕ್ಕಲಿಗರ ಬದುಕನ್ನು ಅವರದೇ ಆಡುಮಾತಿನಲ್ಲಿ ತಂದು ಕನ್ನಡಿಗರನ್ನು ಚಕಿತಗೊಳಿಸಿದರು. ಆ ತಲೆಮಾರಿನ ಉತ್ತರ ಕರ್ನಾಟಕದ ಕತೆಗಳಲ್ಲಿ ನಿರೂಪಣೆಯು ಗ್ರಾಂಥಿಕವಾಗಿಯೂ ಸಂಭಾಷಣೆಯು ಊರಿನ ಮಾತಿನಲ್ಲಿಯೂ ಇರುವದು ವಾಡಿಕೆ. ಕಣ್ಣಿನಿಂದಷ್ಟೇ ಓದುವವನಿಗೆ ಈ ಎರಡರ ನಡುವಣ ಜಿಗಿತವು ಎಡವಿದಂತೆ ತೋರುವದು. ಬಾಯಿ ಬಿಟ್ಟು ಓದಿರಿ. ಯಾವ ಗ್ರಂಥದಿಂದಲೂ ಎತ್ತದೆ, ನಾನೇ ಮಾದರಿಗೆ ಎರಡು ಮಾತುಗಳನ್ನು ಕಟ್ಟುತ್ತೇನೆ. ಮೈದುನನು ಬಾಗಿಲಲ್ಲಿ ನಿಂತು ಕೇಳುತ್ತಾನೆ: ‘ವೈನಿ, ಅಣ್ಣಾ ಮನ್ಯಾಗ ಅದಾನ್ರಿ?’ ಒಳಗಿನಿಂದ ಉತ್ತರ: ‘ಇನ್ನ ಬಂದಿಲ್ಲಪಾ, ಕೂಡು, ಛಾ ಕುಡದ ಹೋಗು.’ ತಮ್ಮನು ಅಣ್ಣನನ್ನು ಸಲಿಗೆಯಿಂದ ಏಕವಚನದಲ್ಲಿ ಕರೆದು, ಅತ್ತಿಗೆಗೆ ಮಾತ್ರ ‘ರಿ’ ಸೇರಿಸಿದನು. ಅವಳಾದರೋ ಗಂಡನ ಹೆಸರನ್ನಾಗಲಿ, ‘ಅವನು’ ‘ಅವರು’ ಎಂಬುದನ್ನಾಗಲಿ ಎತ್ತದೆ, ಏಕವಚನ-ಬಹುವಚನಗಳ ಗೊಡವೆಯೇ ಇಲ್ಲದ ಕ್ರಿಯಾಪದವೊಂದರ ಹಿಂದೆ ಮರ್ಯಾದೆಯನ್ನು ಕಾಯ್ದುಕೊಂಡಳು. ಕುಟುಂಬದ ಸ್ಥಾನಮಾನಗಳ ಒಂದು ಪ್ರಕರಣವೇ ಒಂದೂವರೆ ಸಾಲಿನಲ್ಲಿ ಅಡಗಿದೆ. ಅಣ್ಣಾರಾಯರಂಥವರು ಇದನ್ನು ವಿವರಿಸುವ ಗೋಜಿಗೆ ಹೋಗುವದಿಲ್ಲ. ಬೆಂಗಳೂರಿನ ವಿಮರ್ಶಕನಿಗೆ ಇದು ‘ಪ್ರಾದೇಶಿಕತೆ’ಯೆಂಬ ಒಂದೇ ಶಬ್ದದಲ್ಲಿ ಮುಗಿದುಹೋಗುವದು. ಅಥಣಿಯ, ರಾಯಬಾಗದ ಓದುಗನಿಗೆ ಅದರ ಒಂದೊಂದು ಎಳೆಯೂ ಗೊತ್ತು. ಕಾದಂಬರಿಯಿಂದ ಕಿವಿಯನ್ನು ಹೀಗೆ ಹದಗೊಳಿಸಿಕೊಂಡು ಆಮೇಲೆ ಮಾಸಿಕಗಳ ಸಣ್ಣಕತೆಗಳಿಗೆ ಹೋದರೆ, ಹೆಸರೇ ಕೇಳದ ಲೇಖಕರಲ್ಲಿಯೂ ಇಂಥ ಸೂಕ್ಷ್ಮಗಳು ಕಾಣತೊಡಗುವವು.

ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರನ್ನು (1919–1989) ಓದುವಾಗ ಬೇರೆ ಎಚ್ಚರ ಬೇಕು. ಅವರು ಪತ್ರಿಕಾ ಕಚೇರಿಗಳಲ್ಲಿ ದುಡಿದು ಬೆಳೆದವರು. ವಾರ್ತೆಯ ಶಾಯಿ ಆರುವ ಮುಂಚೆ ಅದೇ ಲೇಖನಿಯಿಂದ ಕತೆಯನ್ನು ಬರೆದವರು. ‘ಜ್ವಾಲಾಮುಖಿಯ ಮೇಲೆ’ (1951) ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ದೊರೆಯಿತು. 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರ ಗದ್ಯದಲ್ಲಿ ಅವಸರವಿದೆ, ಸಿಟ್ಟಿದೆ, ಶಿಲ್ಪದ ಕಡೆಗೆ ಉಪೇಕ್ಷೆಯೂ ಇದೆ. ಆದರೆ ಆ ಅವಸರವನ್ನು ಕಳೆದರೆ ಗದ್ಯದ ಬಿಸಿಯೂ ಹೋಗುವದೆಂದು ನನ್ನ ಮತ. ಗೋಕಾವಿಯಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರದು ಇದಕ್ಕೆ ತೀರ ವಿರುದ್ಧವಾದ ಮಾರ್ಗ. ಸಹನೆಯೇ ಮೂರ್ತಿವೆತ್ತ ಅವರ ಗೃಹಿಣಿಯರನ್ನು ಕಂಡು ಮೂಗು ಮುರಿಯುವ ಮುನ್ನ, ಆ ಕಾದಂಬರಿಗಳಿಗಾಗಿ ವಾಚನಾಲಯದಲ್ಲಿ ಸರದಿ ಹಚ್ಚಿದ್ದವರು ಯಾರೆಂಬುದನ್ನು ನಿಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿರಿ. ನಿಪ್ಪಾಣಿಯವರಂತೂ ಹಿಟ್ಟಿನ ಗಿರಣಿಯನ್ನು ನಡೆಸುತ್ತಲೇ ಮರಾಠಿಯಲ್ಲಿ ತಮ್ಮೂರ ದುಡಿಮೆಗಾರರ ಕತೆಗಳನ್ನು ಬರೆದ ಮಹಾದೇವ ಮೋರೆಯವರನ್ನು ಕಟ್ಟೀಮನಿಯವರ ಪಕ್ಕದಲ್ಲಿಟ್ಟು ಓದತಕ್ಕದ್ದು. ಒಂದೇ ನೆಲದ ಬೆವರು ಎರಡು ಭಾಷೆಗಳಲ್ಲಿ ಎಷ್ಟು ಭಿನ್ನವಾಗಿ ಬರಹಕ್ಕಿಳಿಯಿತೆಂಬುದು ಅಲ್ಲಿ ಗೋಚರಿಸುವದು.

ಇಷ್ಟು ಹೊತ್ತು ಕತೆಯ ಮಾತನ್ನೇ ಆಡಿದೆನಾದರೂ, ಹಳೆಯ ಸಂಚಿಕೆಗಳಲ್ಲಿ ಕಾಲನ ಹೊಡೆತವನ್ನು ತಾಳಿ ನಿಂತದ್ದು ಅನೇಕ ವೇಳೆ ಲೇಖನವೇ ಹೊರತು ಕತೆಯಲ್ಲ. ಇದಕ್ಕೆ ಹುಬ್ಬಳ್ಳಿಯ ‘ಕಸ್ತೂರಿ’ಗಿಂತ ಹೆಚ್ಚಿನ ಸಾಕ್ಷ್ಯ ಬೇಡ. 1956ರ ಸೆಪ್ಟೆಂಬರದಲ್ಲಿ, ಎಂದರೆ ನವೆಂಬರ ಒಂದರಂದು ನಮ್ಮ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರುವದಕ್ಕೆ ಎರಡೇ ತಿಂಗಳು ಮೊದಲು, ಲೋಕಶಿಕ್ಷಣ ಟ್ರಸ್ಟಿನಿಂದ ಹೊರಟ ಈ ಚಿಕ್ಕ ಆಕಾರದ ಮಾಸಿಕವನ್ನು ಪಾ. ವೆಂ. ಆಚಾರ್ಯರು (1915–1992) ಬೆಳೆಸಿದ ರೀತಿಯು ಸಂಪಾದನಕಲೆಗೆ ಒಂದು ಪಾಠ. ಅದರ ಹಳೆಯ ಸಂಚಿಕೆಯೊಂದನ್ನು ತೆಗೆದುಕೊಂಡು, ಖಗೋಲವನ್ನೋ ರೋಗವಿಜ್ಞಾನವನ್ನೋ ಕುರಿತ ಲೇಖನದ ಒಂದು ಪುಟವನ್ನು ನಿಧಾನವಾಗಿ ಓದಿರಿ. ಮೂಲದ ವಿಷಯವು ಪಶ್ಚಿಮದ್ದು. ವಾಕ್ಯವಾದರೋ ಹಳ್ಳಿಯ ಮಾಸ್ತರರೊಬ್ಬರು ಕಟ್ಟೆಯ ಮೇಲೆ ಕುಳಿತು ಹೇಳಿದಷ್ಟು ಸಹಜ. ಪರಿಭಾಷೆ ಇಲ್ಲದೆಡೆ ಆಚಾರ್ಯರು ತಾವೇ ಶಬ್ದವನ್ನು ಟಂಕಿಸಿ, ಅದಕ್ಕೆ ಟಿಪ್ಪಣಿ ಹಚ್ಚದೆ, ಸುತ್ತಣ ಮಾತಿನಿಂದಲೇ ಅರ್ಥವಾಗುವಂತೆ ಕೂರಿಸುವರು. ಆ ಮೇಲೆ ‘ಇದುವೇ ಜೀವ, ಇದು ಜೀವನ’ದಲ್ಲಿ ಓದುಗರು ಕಳಿಸಿದ ಪುಟ್ಟ ಪ್ರಸಂಗಗಳು, ಕೊನೆಯಲ್ಲಿ ಇಡಿಯ ಗ್ರಂಥವೊಂದರ ಸಂಗ್ರಹವನ್ನು ಕೊಡುವ ಪುಸ್ತಕ ವಿಭಾಗ. ‘ಲಾಂಗೂಲಾಚಾರ್ಯ’ರೆಂಬ ವಿನೋದಿ ಯಾರೆಂದು ಕೇಳುವಿರೋ? ಗಂಭೀರ ಸಂಪಾದಕರಾದ ಆಚಾರ್ಯರೇ, ಬಾಲ ಹಚ್ಚಿಕೊಂಡು.

ಕಸ್ತೂರಿಯ ಇಂಥ ಲೇಖನವನ್ನು ಮೆಚ್ಚಬೇಕಾದರೆ ಅದರಲ್ಲಿಯ ಮಾಹಿತಿಯು ಇಂದು ಹಳತಾಯಿತೆಂಬುದನ್ನು ಬದಿಗಿಟ್ಟು, ಲೇಖಕನು ಏನನ್ನು ಬಿಟ್ಟನು ಎಂಬುದನ್ನು ಗಮನಿಸಬೇಕು. ಪುಟಗಳು ಮಿತ, ಕಾಗದಕ್ಕೆ ಬೆಲೆ, ಮೊಳೆಯನ್ನು ಒಂದೊಂದಾಗಿ ಕೈಯಿಂದ ಜೋಡಿಸುವ ಕಾಲ; ಒಂದು ವಿಶೇಷಣ ಹೆಚ್ಚಾದರೂ ಜೋಡಿಸುವವನ ಬೆರಳಿಗೆ ಕೆಲಸ. ಆ ಮಿತಿಯಿಂದ ಬಂದ ಬಿಗಿಯನ್ನು ಕವಿತೆಯಲ್ಲಿ ಮಾತ್ರ ಹುಡುಕುವವರು ಈ ಗದ್ಯವನ್ನು ನೋಡಬೇಕು.

ಸಮುದಾಯಗಳ ಮುಖಪತ್ರಗಳನ್ನೂ ಕಡೆಗಣಿಸಲಾಗದು. ನಿಪ್ಪಾಣಿಯ ಸಮೀಪದ ಸ್ತವನಿಧಿಯಲ್ಲಿ 1899ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಜೈನ ಸಭೆಯ ‘ಪ್ರಗತಿ ಆಣಿ ಜಿನವಿಜಯ’ ಮರಾಠಿಯದಾದರೂ, ಅಣ್ಣಾರಾಯರ ಪಾತ್ರಗಳು ಯಾವ ಸುಧಾರಣೆಗಳ ಗಾಳಿಯಲ್ಲಿ ಉಸಿರಾಡಿದವೆಂಬುದನ್ನು ಅರಿಯಲು ಅದರ ಹಳೆಯ ಪುಟಗಳೇ ಬೇಕು. ಸದಲಗಾದಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತವನ್ನು ಕಲಿಸಿ, 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಆ. ನೇ. ಉಪಾಧ್ಯೆಯವರಂಥ ಪಂಡಿತರ ಬರಹಕ್ಕೆ ಹೊಸಬನು ಆತುರಪಡಬೇಕಾಗಿಲ್ಲ. ಅದು ಎರಡನೆಯ ವರ್ಷದ ಪಾಠ.

ಸಂಚಿಕೆಗಳು ಸಿಕ್ಕುವದೆಲ್ಲಿ? ಧಾರವಾಡದ ವಿದ್ಯಾವರ್ಧಕ ಸಂಘ, ಕರ್ನಾಟಕ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಎಲ್ಲರೂ ಬಲ್ಲರು. ಆದರೆ ಅಲ್ಲಿಯ ಸಂಪುಟಗಳಿಗೊಂದು ಊನವುಂಟು: ಬೈಂಡಿಂಗ್ ಮಾಡುವವನು ಹನ್ನೆರಡು ಸಂಚಿಕೆಗಳನ್ನು ಒಟ್ಟುಗೂಡಿಸುವಾಗ ರಕ್ಷಾಪುಟಗಳನ್ನೂ ಜಾಹೀರಾತಿನ ಹಾಳೆಗಳನ್ನೂ ಹೆಚ್ಚಾಗಿ ಕಿತ್ತು ಒಗೆದಿರುತ್ತಾನೆ, ಅಂಚನ್ನು ಕತ್ತರಿಸುವ ಭರದಲ್ಲಿ ಪುಟದ ನೆತ್ತಿಯ ಮೇಲಿನ ತಿಂಗಳ ಹೆಸರೂ ಹೋಗಿರುತ್ತದೆ. ಆದ್ದರಿಂದ ನಿವೃತ್ತ ಮಾಸ್ತರರ ಮನೆಯ ಅಟ್ಟ, ಮಠದ ಕಪಾಟು, ಹಳೆಯ ವಾಚನಾಲಯದ ಮೂಲೆ, ಸಂತೆಯಲ್ಲಿ ರದ್ದಿಯವನ ತಕ್ಕಡಿ, ಇವುಗಳ ಕಡೆಗೂ ಕಣ್ಣಿರಲಿ. ಬಿಡಿ ಸಂಚಿಕೆ ಸಿಕ್ಕರೆ, ತುಕ್ಕು ಹಿಡಿದ ಪಿನ್ನನ್ನು ಮೊದಲು ಮೆಲ್ಲಗೆ ತೆಗೆದು ದಾರದಿಂದ ಹೊಲಿದುಕೊಂಡು, ಚಂದಾದಾರನ ವಿಳಾಸದ ಚೀಟಿ ಅಂಟಿದ್ದರೆ ಅದನ್ನು ಕೀಳದೆ, ಹಿಂಬದಿಯ ಜಾಹೀರಾತಿನಿಂದಲೇ ಓದನ್ನು ಆರಂಭಿಸಿರಿ.