ಗೆರೆಯಾಚೆಯ ಕೂಗಾಟ

ಫುಟ್‌ಬಾಲ್ ಬೇಸಿಗೆ ಶಿಬಿರಗಳ ಕಾಲ ಬಂತೆಂದರೆ ‘ನಮ್ಮ ಹುಡುಗರಿಗೆ ಖಡಕ್ ಕೋಚ್ ಬೇಕು’ ಎಂಬ ಮಾತೂ ಬರುತ್ತದೆ. ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಾಗಲಿ, ಹರಿಹರದ ಗಾಂಧಿ ಮೈದಾನದಲ್ಲಾಗಲಿ ಖಡಕ್ ಎಂದರೆ ಹಲವರ ಲೆಕ್ಕದಲ್ಲಿ ಇಷ್ಟೇ: ಗೆರೆಯಾಚೆ ನಿಂತು ಕೂಗಾಡುವುದು, ತಪ್ಪು ಪಾಸ್ ಕೊಟ್ಟವನನ್ನು ಎಲ್ಲರೆದುರು ಬೈಯುವುದು, ಸೋತ ಮೇಲೆ ಮೈದಾನ ಸುತ್ತಿಸುವುದು. ಈ ಪಂಥದೊಂದಿಗೆ ಈ ಅಂಕಣದ ಜಗಳ ಹಳೆಯದು. ಕೋಚ್ ಕಠಿಣನಾಗಿರಬೇಕು ಎಂಬುದರಲ್ಲಿ ತಕರಾರಿಲ್ಲ. ಆ ಕಾಠಿಣ್ಯ ಪಂದ್ಯಕ್ಕೆ ಮುಂಚೆ ಖರ್ಚಾಗಬೇಕು, ಪಂದ್ಯದಲ್ಲಿ ಹೊಣೆ ಆಟಗಾರನ ಕೈಯಲ್ಲಿರಬೇಕು, ಸೋತ ದಿನ ಕೋಚ್ ಮೊದಲು ತನ್ನ ಲೆಕ್ಕ ಒಪ್ಪಿಸಬೇಕು ಎಂಬುದಷ್ಟೇ ವಾದ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಎರಡು ಸಂಜೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 2015ರ ಮೇ 31, ಐ-ಲೀಗ್‌ನ ಕೊನೆಯ ಪಂದ್ಯ. ಮೋಹನ್ ಬಾಗನ್‌ಗೆ ಡ್ರಾ ಸಾಕು, ಬೆಂಗಳೂರು ಎಫ್‌ಸಿ ಗೆಲ್ಲಲೇಬೇಕು. ಮೊದಲಾರ್ಧದಲ್ಲಿ ಬೆಂಗಳೂರಿನ ಜಾನ್ ಜಾನ್ಸನ್ ಗೋಲು ಹೊಡೆದಿದ್ದರು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇದ್ದಾಗ ಬಾಗನ್‌ನ ಸೋನಿ ನೋರ್ಡೆ ತೆಗೆದ ಕಾರ್ನರ್‌ಗೆ ಬೆಲ್ಲೊ ರಝಾಕ್ ತಲೆ ಕೊಟ್ಟರು. 1-1, ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಬೆಂಗಳೂರಿನ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಮೃದು ಮನುಷ್ಯರೇನಲ್ಲ. ಫಿಟ್‌ನೆಸ್ಸು, ಊಟದ ವಿಷಯದಲ್ಲಿ ಭಾರತದ ಕ್ಲಬ್‌ಗಳಲ್ಲಿ ಆಗ ಅಪರೂಪವಾಗಿದ್ದ ಶಿಸ್ತನ್ನು ತಂದು, 2013ರಲ್ಲಿ ಹುಟ್ಟಿದ ತಂಡಕ್ಕೆ ಮೊದಲ ಋತುವಿನಲ್ಲೇ ಲೀಗ್ ಗೆಲ್ಲಿಸಿಕೊಟ್ಟವರು. ಆದರೆ ಒಂದು ಕಾರ್ನರ್ ಕೈತಪ್ಪಿತೆಂದು ಆ ಗುಂಪನ್ನು ಚದುರಿಸಲಿಲ್ಲ. ಸುನಿಲ್ ಛೆಟ್ರಿ, ಜಾನ್ಸನ್, ಯೂಜಿನ್ಸನ್ ಲಿಂಗ್ಡೊ ಉಳಿದರು, 2015-16ರ ಲೀಗ್ ಮತ್ತೆ ಬೆಂಗಳೂರಿಗೆ ಬಂತು.

ಎರಡನೆಯ ಸಂಜೆ 2023ರ ಮಾರ್ಚ್ 3, ಐಎಸ್‌ಎಲ್ ನಾಕೌಟ್. ಕೇರಳ ಬ್ಲಾಸ್ಟರ್ಸ್ ಎದುರು ಗೋಲಿಲ್ಲದೆ ತೊಂಬತ್ತು ನಿಮಿಷ ಕಳೆದು, ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀಕಿಕ್. ಗೋಡೆ ಇನ್ನೂ ನಿಂತಿರಲಿಲ್ಲ, ಗೋಲ್‌ಕೀಪರ್ ಜಾಗ ಹಿಡಿದಿರಲಿಲ್ಲ. ಛೆಟ್ರಿ ಚೆಂಡನ್ನು ಸದ್ದಿಲ್ಲದೆ ಬಲೆಗೆ ಕಳಿಸಿದರು. ಸೀಟಿ ಊದುವ ಮುನ್ನ ಹೊಡೆದದ್ದು ಎಂದು ಬ್ಲಾಸ್ಟರ್ಸ್ ಆಕ್ಷೇಪ. ಸೀಟಿ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ ಎಂದು ಛೆಟ್ರಿ. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ಇಡೀ ತಂಡವನ್ನು ಮೈದಾನದಿಂದ ಹೊರಗೆ ಕರೆದರು. ಪಂದ್ಯ ಬೆಂಗಳೂರಿನದಾಯಿತು. ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು. ರೆಫರಿಯ ತೀರ್ಮಾನ ಸರಿಯೇ ತಪ್ಪೇ ಎಂಬ ಚರ್ಚೆ ಬೇಕಾದಷ್ಟು ಆಗಿದೆ. ಹೊಡೆಯುವ ಹೊತ್ತಿಗೆ ಚೆಂಡನ್ನು ತಡೆದು ಒಬ್ಬನಾದರೂ ಏಕೆ ನಿಂತಿರಲಿಲ್ಲ ಎಂಬುದನ್ನು ಕೇಳಿದವರು ಕಡಿಮೆ. ಹೆಚ್ಚುವರಿ ಅವಧಿಯಲ್ಲಿ ಇನ್ನೂ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಬಾಕಿಯಿತ್ತು, ಒಂದು ಗೋಲು ತೀರಿಸಲು ಅಷ್ಟು ಧಾರಾಳ ಸಾಕು. ಆ ನಿಮಿಷಗಳು ಆಟಗಾರರವು. ಕೋಚ್‌ನ ಸಿಟ್ಟು ಅವನ್ನು ಕಿತ್ತುಕೊಂಡಿತು.

ಕೂಗಾಡುವ ಕೋಚ್‌ನ ಪರವಾಗಿ ನಮ್ಮೂರಿನವರು ಗರಡಿಮನೆ ತೋರಿಸುತ್ತಾರೆ. ಉಸ್ತಾದರ ಪೆಟ್ಟು ತಿನ್ನದೆ ಪೈಲ್ವಾನ ಆದವರುಂಟೇ ಎನ್ನುತ್ತಾರೆ. ಕುಸ್ತಿಯ ಊರಿನಲ್ಲಿ ಈ ಮಾತಿಗೆ ತೂಕವಿದೆ, ಹಾಗೆಂದು ಗರಡಿಯನ್ನು ಅರ್ಧ ನೋಡಿದರೆ ಸಾಲದು. ಉಸ್ತಾದ್ ಖಡಕ್ಕಾಗಿರುವುದು ಬೆಳಗಿನ ಸಾಧನೆಯಲ್ಲಿ: ದಂಡ ಎಷ್ಟು, ಬಸ್ಕಿ ಎಷ್ಟು, ಊಟ ಏನು ಎಂಬುದರಲ್ಲಿ. ಪಟ್ಟು ಕಲಿಸಲು ತಾನೇ ಮಟ್ಟಿಗೆ ಇಳಿಯುತ್ತಾನೆ, ಮೈಗೆ ಮಣ್ಣು ಮೆತ್ತಿಸಿಕೊಳ್ಳುತ್ತಾನೆ. ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಯಲ್ಲಿ ಜೋಡಿ ಕೈ ಕೊಟ್ಟ ಮೇಲೆ ಎದುರಾಳಿ ಯಾವ ಕಡೆ ವಾಲುತ್ತಾನೆಂದು ಅಳೆಯಬೇಕಾದವನು ಪೈಲ್ವಾನನೇ. ಗರಡಿ ನಮ್ಮ ವಾದಕ್ಕೇ ಸಾಕ್ಷಿ.

‘ಅದು ಹಳ್ಳಿ ಕುಸ್ತಿ, ಇದು ಕೋಟಿ ಸಂಬಳದ ವೃತ್ತಿಪರ ಆಟ, ಹೆದರಿಕೆ ಇಲ್ಲದಿದ್ದರೆ ಸಂಬಳ ತಿಂದು ಮಲಗುತ್ತಾರೆ’ ಎಂಬುದು ಇನ್ನೊಂದು ಆಕ್ಷೇಪ. ಖಡಕ್ ಕೋಚ್ ಅಲೆಕ್ಸ್ ಫರ್ಗುಸನ್ ಹೆಸರೂ ಜೊತೆಗೇ ಬರುತ್ತದೆ. 2003ರಲ್ಲಿ ಅವರು ಒದ್ದ ಬೂಟು ತಮ್ಮದೇ ಆಟಗಾರ ಬೆಕಮ್‌ ಅವರ ಹುಬ್ಬಿಗೆ ತಾಗಿದ ಕಥೆ ಎಲ್ಲರಿಗೂ ಗೊತ್ತು. ಅದೇ ವರ್ಷದ ಬೇಸಿಗೆಯಲ್ಲಿ ಬೆಕಮ್ ಮ್ಯಾಡ್ರಿಡ್‌ಗೆ ಹೋದರು ಎಂಬುದನ್ನೂ ನೆನೆಯಬೇಕು. ಹೆದರಿಸಿ ಓಡಿಸಬಹುದು, ಯೋಚಿಸುವಂತೆ ಮಾಡಲಾಗದು.

ನಮಗೆ ಫರ್ಗುಸನ್‌ಗಿಂತ ಹತ್ತಿರದ ಮಾದರಿ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರು ಕೋಚ್ ಆಗಿದ್ದ ಭಾರತ ತಂಡ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು. ನಮ್ಮ ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ರಹೀಮ್ ಆಮೇಲೆ ತಂಡದ ರಚನೆಯನ್ನೇ ಬದಲಿಸಿದರು. ಒಗ್ಗದ ಕಾಲಿನಿಂದಲೇ ಆಡಿಸುವಷ್ಟು ಕಟ್ಟುನಿಟ್ಟು ಅವರ ಅಭ್ಯಾಸದಲ್ಲಿತ್ತು. ನಾಲ್ಕು ವರ್ಷದಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾಕ್ಕೆ 2-0ರಿಂದ ಬಿಟ್ಟುಕೊಟ್ಟರು. ಮುಂದೆ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಆ ಜರ್ನೈಲ್‌ರನ್ನೇ ರಹೀಮ್ ಮುಂಚೂಣಿಗೆ ತಂದರು. ಫೈನಲ್‌ನಲ್ಲಿ ಅದೇ ಕೊರಿಯಾ ಎದುರು ಪಿ.ಕೆ. ಬ್ಯಾನರ್ಜಿ, ಜರ್ನೈಲ್ ಒಂದೊಂದು ಗೋಲು ಹೊಡೆದು 2-1ರಿಂದ ಚಿನ್ನ ತಂದರು. ಡಿಫೆಂಡರನನ್ನು ಫಾರ್ವರ್ಡ್ ಮಾಡಿ ಸೋತಿದ್ದರೆ ದೇಶದ ಬೈಗುಳ ರಹೀಮರಿಗೇ ಬೀಳುತ್ತಿತ್ತು. ಕ್ಯಾನ್ಸರ್ ಹೊತ್ತ ಮೈಯಲ್ಲಿ ಆ ಹೊಣೆಯನ್ನೂ ಹೊತ್ತರು. ಮರುವರ್ಷ ತೀರಿಕೊಂಡರು.

ಹಾಗಾಗಿ ಈ ಬೇಸಿಗೆಯಲ್ಲಿ ಮಕ್ಕಳನ್ನು ಶಿಬಿರಕ್ಕೆ ಸೇರಿಸುವವರು ಕೋಚ್‌ನ ದನಿ ಎಷ್ಟು ದೂರ ಕೇಳುತ್ತದೆ ಎಂಬುದನ್ನು ಬಿಟ್ಟು, ಒಂದು ಕಾರ್ನರ್ ಅಭ್ಯಾಸವನ್ನು ನಿಂತು ನೋಡಲಿ. ಯಾರನ್ನು ಕಾಯಬೇಕೆಂದು ಪ್ರತಿ ಹುಡುಗನಿಗೂ ಹುಡುಗಿಗೂ ಗೊತ್ತಿದೆಯೇ, ಫ್ರೀಕಿಕ್ ಸಿಕ್ಕಾಗ ಯಾರೂ ಹೇಳದೆ ಒಬ್ಬರು ಚೆಂಡಿನ ಮುಂದೆ ಹೋಗಿ ನಿಲ್ಲುತ್ತಾರೆಯೇ, ಗೋಲು ಬಿದ್ದ ಮೇಲೆ ಕೋಚ್ ಆಟ ನಿಲ್ಲಿಸಿ ಜಾಗ ತಿದ್ದುತ್ತಾನೆಯೇ ಎಂದು ನೋಡಲಿ. ಇಷ್ಟೂ ಇಲ್ಲದೆ ಬರೀ ಕೂಗಾಟವಿದ್ದರೆ ಶಿಬಿರದ ಫೀಸು ವಾಪಸ್ ಕೇಳಲು ಸಂಕೋಚಪಡಬೇಕಿಲ್ಲ.