ತಿಲಕವಾಡಿಯ ಕ್ಯೂ, ಖಾನಾಪುರದ ಟೇಬಲ್

ಖಾನಾಪುರ ಪೇಟೆಯ ಆ ಕೋಣೆಯಲ್ಲಿ ಇರುವುದು ಒಂದೇ ಪೂಲ್ ಟೇಬಲ್. ನೆಲ ಸ್ವಲ್ಪ ಇಳಿಜಾರು. ಅದಕ್ಕೆ ಟೇಬಲ್ಲಿನ ಎರಡು ಕಾಲುಗಳ ಕೆಳಗೆ ಹೆಂಚಿನ ಚೂರು ಕೊಟ್ಟಿದ್ದಾರೆ. ಇಟ್ಟಿಗೆ, ಹೆಂಚು, ಗಡಿಗೆಗೆ ಹೆಸರಾದ ಊರು, ಹೆಂಚಿನ ಚೂರಿಗೆ ಬರವಿಲ್ಲ. ಚೂರು ಕೊಟ್ಟ ಮೇಲೂ ಕಿಟಕಿ ಬದಿಯ ಮೂಲೆ ಮೆಲ್ಲಗೆ ಬರುವ ಚೆಂಡನ್ನು ತನ್ನ ಕಡೆ ಎಳೆಯುತ್ತದೆ. ದಿನಾ ಆಡುವವರಿಗೆ ಅದು ಗೊತ್ತು. ಹೋದ ತಿಂಗಳು ಒಂದು ರವಿವಾರ ನಾನು ಬೆಳಗಾವಿಯಿಂದ ಕರೆದುಕೊಂಡು ಹೋದ ಹುಡುಗನಿಗೆ ಗೊತ್ತಿರಲಿಲ್ಲ.

ಈ ಹುಡುಗ ತಿಲಕವಾಡಿಯ ಒಂದು ಪಾರ್ಲರ್‌ನಲ್ಲಿ ನಾಲ್ಕು ವರ್ಷದಿಂದ ಸ್ನೂಕರ್ ಆಡುತ್ತಿದ್ದಾನೆ. ಗದ್ದ ಕ್ಯೂಗೆ ತಾಗುವಷ್ಟು ಬಗ್ಗುತ್ತಾನೆ, ಮೊಣಕೈ ಗಡಿಯಾರದ ಲೋಲಕದಂತೆ ಆಡುತ್ತದೆ, ಹೊಡೆದ ಮೇಲೂ ತಲೆ ಎತ್ತುವುದಿಲ್ಲ. ಒಂದೇ ಸರದಿಯಲ್ಲಿ 50, 60 ಅಂಕದ ಬ್ರೇಕ್ ಅವನಿಗೆ ಅಪರೂಪವಲ್ಲ. ಖಾನಾಪುರದಲ್ಲಿ ಅವನ ಎದುರು ನಿಂತವನು ಇಟ್ಟಿಗೆ ಲಾರಿಯ ಮೇಲೆ ಕೆಲಸ ಮಾಡುವ ಯುವಕ. ಅವನಿಗೆ ಸ್ವಂತ ಕ್ಯೂ ಕೂಡ ಇಲ್ಲ. ಗೋಡೆಗೆ ಒರಗಿಸಿಟ್ಟಿದ್ದರಲ್ಲಿ ಒಂದನ್ನು ತೆಗೆದುಕೊಂಡ. ಆಟ 9-ಬಾಲ್: ಟೇಬಲ್ ಮೇಲಿರುವ ಅತಿ ಚಿಕ್ಕ ಸಂಖ್ಯೆಯ ಚೆಂಡಿಗೆ ಬಿಳಿ ಮೊದಲು ತಾಗಬೇಕು, 9 ಹಾಕಿದವನದು ಆ ಸುತ್ತು, ಅಂದರೆ ರ್‍ಯಾಕ್. ಮೊದಲು 5 ರ್‍ಯಾಕ್ ಗೆದ್ದವನಿಗೆ ಪಂದ್ಯ. ನಮ್ಮ ಹುಡುಗ 2-5ರಿಂದ ಸೋತ.

ತಿರುಗಿ ಬರುವಾಗ ದೇಸೂರಿನ ಹತ್ತಿರ ಚಹಾಕ್ಕೆ ನಿಂತೆವು. ಅಲ್ಲಿಯವರೆಗೂ ಅವನು ಮಾತಾಡಿರಲಿಲ್ಲ. "ಬಾಲ್ ಎಲ್ಲಾ ಹಾಕೇನ್ರಿ ಕಾಕಾ. ಆದ್ರೂ ಹೆಂಗ ಸೋತ್ನ್ಯೋ ತಿಳೀವಲ್ದು" ಅಂದ.

ಅವನು ಹೇಳಿದ್ದು ನಿಜ. ಎದುರಾಳಿಗಿಂತ ಹೆಚ್ಚು ಚೆಂಡು ಪಾಟ್ ಮಾಡಿದವನು ಅವನೇ. ಏಳನೆಯ ರ್‍ಯಾಕ್ ಇನ್ನೂ ನನ್ನ ಕಣ್ಣೊಳಗಿದೆ. 1ರಿಂದ 5ರವರೆಗೆ ಒಂದೊಂದಾಗಿ, ಅಂಚು ತಾಗದಂತೆ ಹಾಕಿದ. 6ನೆಯದನ್ನೂ ಹಾಕಿದ. ಆದರೆ ಸ್ನೂಕರ್‌ನ ರೂಢಿಯಂತೆ ಬಿಳಿ ಚೆಂಡನ್ನು ಇದ್ದಲ್ಲೇ ನಿಲ್ಲಿಸಿದ. ಕಪ್ಪು ಚೆಂಡಿನ ಸುತ್ತ ಕೆಂಪು ಹತ್ತಾರು ಇರುವ ಟೇಬಲ್‌ನಲ್ಲಿ ಅದು ಬಂಗಾರದಂಥ ಹೊಡೆತ, ಮುಂದಿನ ಚೆಂಡು ಅಲ್ಲೇ ಅಕ್ಕಪಕ್ಕದಲ್ಲಿ ಇರುತ್ತದೆ. ಇಲ್ಲಿ ಮುಂದಿನದು 7, ಅದು ಇನ್ನೊಂದು ತುದಿಯಲ್ಲಿತ್ತು, ನಡುವೆ 9 ಅಡ್ಡ. ಕುಶನ್ ಹಚ್ಚಿ ತಾಗಿಸಲು ನೋಡಿದ. 9ಕ್ಕೆ ಮೊದಲು ತಾಗಿ ಫೌಲ್ ಆಯಿತು. ಖಾನಾಪುರದ ಯುವಕ ಬಿಳಿ ಚೆಂಡನ್ನು ಕೈಯಲ್ಲಿ ಎತ್ತಿ, ಒಮ್ಮೆ ಅಂಗಿಗೆ ಒರೆಸಿ, 7ರ ಹಿಂದೆ ತನಗೆ ಬೇಕಾದ ಕೋನಕ್ಕೆ ಇಟ್ಟ. 7, 8, 9. ಒಂದು ನಿಮಿಷ ಹಿಡಿಯಲಿಲ್ಲ.

ಸ್ನೂಕರ್‌ನಲ್ಲಿ ಫೌಲ್ ಆದರೆ 4ರಿಂದ 7 ಅಂಕ ಹೋಗುತ್ತದೆ, ಬಿಳಿ ಚೆಂಡು ಸಾಮಾನ್ಯವಾಗಿ ನಿಂತಲ್ಲೇ ಉಳಿಯುತ್ತದೆ. ಫ್ರೇಮ್ ಇನ್ನೂ ಬದುಕಿರುತ್ತದೆ. 9-ಬಾಲ್‌ನಲ್ಲಿ ಫೌಲ್ ಆದರೆ ಬಿಳಿ ಚೆಂಡು ಎದುರಾಳಿಯ ಕೈಗೆ ಹೋಗುತ್ತದೆ, ಟೇಬಲ್ ಮೇಲೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಒಳ್ಳೆಯ ಆಟಗಾರನಿಗೆ ಅಷ್ಟು ಸಿಕ್ಕರೆ ರ್‍ಯಾಕ್ ಮುಗಿದಂತೆಯೇ.

ಸ್ನೂಕರ್ ತಾರೆಯೊಬ್ಬ ವೃತ್ತಿಪರ ಪೂಲ್ ಟೂರ್ನಿಗೆ ಇಳಿದ ಸುದ್ದಿ ಬಂದಾಗಲೆಲ್ಲ ಪಾರ್ಲರ್‌ಗಳಲ್ಲಿ ಒಂದೇ ಮಾತು ಕೇಳುತ್ತೇನೆ: 12 ಅಡಿ ಟೇಬಲ್‌ನಲ್ಲಿ ಆಡುವವನಿಗೆ 9 ಅಡಿಯದು ಮಕ್ಕಳಾಟ. ಅಳತೆ ನೋಡಿದರೆ ಹಾಗೆಯೇ ಅನಿಸುತ್ತದೆ. ಪೂಲ್ ಪಾಕೆಟ್ ಅಗಲ, ದೂರ ಕಡಿಮೆ. ಆದರೆ ಸ್ನೂಕರ್ ಚೆಂಡು 52.5 ಮಿ.ಮೀ., ಪೂಲ್ ಚೆಂಡು 57.15 ಮಿ.ಮೀ., ತೂಕವೂ ಹೆಚ್ಚು. ಕ್ಯೂನ ತುದಿ ಅಲ್ಲಿ 9-10 ಮಿ.ಮೀ., ಇಲ್ಲಿ 12-13. ಸ್ನೂಕರ್ ಬಟ್ಟೆಗೆ ಉಣ್ಣೆಯ ನವಿರು ಇದೆ, ಪೂಲ್ ಬಟ್ಟೆ ಬೋಳು, ಚೆಂಡು ಜಾರಿಕೊಂಡು ಓಡುತ್ತದೆ. ಸ್ನೂಕರ್‌ನಲ್ಲಿ ಬಿಳಿ ಚೆಂಡನ್ನು ಒಂದು ಗೇಣು ಆಚೀಚೆ ಸರಿಸುವುದೇ ದೊಡ್ಡ ವಿದ್ಯೆ. ಪೂಲ್‌ನಲ್ಲಿ ಅದನ್ನು ಎರಡು ಮೂರು ಕುಶನ್ ಸುತ್ತಿಸಿ ಇನ್ನೊಂದು ತುದಿಗೆ ಕಳಿಸಬೇಕು, ಸರಿಯಾದ ಮಗ್ಗುಲಿಗೆ.

ಇನ್ನು ಬ್ರೇಕ್, ಅಂದರೆ ಆಟ ಒಡೆಯುವ ಹೊಡೆತ. ಸ್ನೂಕರ್‌ನಲ್ಲಿ ಮೊದಲ ಹೊಡೆತ ಎಚ್ಚರಿಕೆಯದು. ಕೆಂಪು ಗುಂಪಿನ ಅಂಚನ್ನು ಸವರಿ ಬಿಳಿ ಚೆಂಡನ್ನು ವಾಪಸ್ ಮನೆಗೆ ತರುತ್ತೇವೆ. ಪೂಲ್‌ನಲ್ಲಿ ಮೊದಲ ಹೊಡೆತಕ್ಕೆ ಇಡೀ ಮೈ ಹಾಕಬೇಕು, ಹಾಕಿಯೂ ಬಿಳಿ ಚೆಂಡು ಟೇಬಲ್ ನಡುವೆ ನಿಲ್ಲಬೇಕು. ಹತ್ತು ವರ್ಷ ಮೆತ್ತಗೆ ಆಟ ಶುರು ಮಾಡಿದ ಕೈಗೆ ಇದು ಒಂದು ವಾರದಲ್ಲಿ ಬರುವಂಥದ್ದಲ್ಲ. ಜಂಪ್ ಹೊಡೆತದ್ದೂ ಅದೇ ಕಥೆ. ಅಡ್ಡ ಬಂದ ಚೆಂಡಿನ ಮೇಲಿಂದ ಬಿಳಿಯನ್ನು ಹಾರಿಸಿದರೆ ಸ್ನೂಕರ್‌ನಲ್ಲಿ ಫೌಲ್, ಪೂಲ್‌ನಲ್ಲಿ ಅದಕ್ಕೆಂದೇ ಗಿಡ್ಡ ಕ್ಯೂ ಇದೆ.

ಆದ್ದರಿಂದಲೇ ದೊಡ್ಡ ಸ್ನೂಕರ್ ಆಟಗಾರರು ಪೂಲ್‌ಗೆ ಬಂದಾಗ ನಾನು ಅವರ ಪಾಟ್ ನೋಡುವುದಿಲ್ಲ. ಬ್ರೇಕ್ ನೋಡುತ್ತೇನೆ, ಬಿಳಿ ಚೆಂಡು ನೋಡುತ್ತೇನೆ. ಆರು ಸಲ ವಿಶ್ವ ಸ್ನೂಕರ್ ಗೆದ್ದ ಸ್ಟೀವ್ ಡೇವಿಸ್ ಅವರನ್ನು ಈ ವಿಷಯದಲ್ಲಿ ಬಹಳ ಗೌರವಿಸುತ್ತೇನೆ. ಯುರೋಪ್ ಮತ್ತು ಅಮೆರಿಕ ನಡುವಿನ 9-ಬಾಲ್ ಪಂದ್ಯಾವಳಿ ಮೊಸ್ಕೋನಿ ಕಪ್ 1994ರಲ್ಲಿ ಶುರುವಾಯಿತು. ಮೊದಮೊದಲು ಟಿ.ವಿ.ಗಾಗಿ ಸ್ನೂಕರ್‌ನ ದೊಡ್ಡ ಹೆಸರುಗಳನ್ನು ಯುರೋಪ್ ತಂಡಕ್ಕೆ ತಂದರು. ಬಂದವರಲ್ಲಿ ಹಲವರು ಆಡಿ ಹೋದರು. ಡೇವಿಸ್ 2004ರವರೆಗೆ, ಸತತ 11 ವರ್ಷ ಆಡಿದರು. 2002ರಲ್ಲಿ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಅವರನ್ನು ಸೋಲಿಸಿ ಯುರೋಪಿಗೆ ಕಪ್ ಖಚಿತ ಮಾಡಿದ್ದು ಅವರೇ. ಸ್ನೂಕರ್‌ನಲ್ಲಿ ಗಳಿಸಬಹುದಾದ್ದನ್ನೆಲ್ಲ ಗಳಿಸಿದ ಮೇಲೆ, ನಲವತ್ತರ ಆಸುಪಾಸಿನ ವಯಸ್ಸಿನಲ್ಲಿ, ಇನ್ನೊಂದು ಆಟದ ಒಂದನೇ ಇಯತ್ತೆಗೆ ಹೋಗಿ ಕೂತು ಕಲಿಯುವ ಮನಸ್ಸು ಅದು.

ಮಾಲ್ಟಾದ ಟೋನಿ ಡ್ರಾಗೊ ಕತೆ ಬೇರೆ. ಮಿಂಚಿನ ವೇಗದ ಆಟಗಾರ. ಸ್ನೂಕರ್‌ನಲ್ಲಿ ಒಂದೂ ರ್‍ಯಾಂಕಿಂಗ್ ಪ್ರಶಸ್ತಿ ಸಿಗಲಿಲ್ಲ. ಪೂಲ್‌ಗೆ ಬಂದವರು 2003ರ ವರ್ಲ್ಡ್ ಪೂಲ್ ಮಾಸ್ಟರ್ಸ್ ಗೆದ್ದರು. ಸ್ನೂಕರ್‌ನಲ್ಲಿ ಅವರ ಕಾಲೆಳೆದ ಅವಸರವೇ ಸಣ್ಣ ಟೇಬಲ್‌ನಲ್ಲಿ ಲಯವಾಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಆಗಿತ್ತು. ಏಳು ಸಲ ಮಹಿಳಾ ವಿಶ್ವ ಸ್ನೂಕರ್ ಗೆದ್ದ ಅಲಿಸನ್ ಫಿಶರ್ 1995ರಲ್ಲಿ ಇಂಗ್ಲೆಂಡ್ ಬಿಟ್ಟು ಅಮೆರಿಕಕ್ಕೆ ಹೋದರು. ಅಲ್ಲಿ ಹೆಂಗಸರಿಗೂ ಪೂಲ್‌ನಲ್ಲಿ ವೃತ್ತಿ ಟೂರ್ ಇತ್ತು. 1996ರಲ್ಲೇ ವಿಶ್ವ 9-ಬಾಲ್ ಚಾಂಪಿಯನ್ ಆದರು, ಮುಂದೆ ಇನ್ನೂ ಮೂರು ಸಲ. ಐದು ಸಲದ ಸ್ನೂಕರ್ ಚಾಂಪಿಯನ್ ಕೆಲ್ಲಿ ಫಿಶರ್ ಕೂಡ ಅದೇ ದಾರಿ ಹಿಡಿದರು, ಅಲ್ಲೂ ವಿಶ್ವ ಪ್ರಶಸ್ತಿ ಗೆದ್ದರು.

ನಮ್ಮ ರಾಜ್ಯದಲ್ಲಿ ಈ ದಾರಿ ತುಳಿದವರ ಹೆಸರು ಕೇಳಿದರೆ ನಾನು ಮೊದಲು ಹೇಳುವುದು ಬೆಂಗಳೂರಿನ ಚಿತ್ರಾ ಮಗಿಮೈರಾಜ್ ಅವರನ್ನು. ಹಾಕಿ ಆಡುತ್ತಿದ್ದವರು, ಮೊಣಕಾಲಿನ ಗಾಯ ಅವರನ್ನು ಮೈದಾನದಿಂದ ಟೇಬಲ್‌ಗೆ ತಂದಿತು. ಮಹಿಳಾ ವಿಶ್ವ ಬಿಲಿಯರ್ಡ್ಸ್ ಗೆದ್ದರು. 2013ರಲ್ಲಿ ಐರ್ಲೆಂಡ್‌ನ ಕಾರ್ಲೊದಲ್ಲಿ ವಿದ್ಯಾ ಪಿಳ್ಳೈ ಜೊತೆಗೂಡಿ ವಿಶ್ವ ತಂಡ ಸ್ನೂಕರ್ ಗೆದ್ದರು. ರಾಷ್ಟ್ರೀಯ ಪೂಲ್ ಪ್ರಶಸ್ತಿಯನ್ನೂ ಗೆದ್ದರು. ಮೂರೂ ಆಟಕ್ಕೆ ಮೂರು ಬೇರೆ ಕೈ ಬೇಕು. ಇಷ್ಟು ಸಾಧಿಸಿದ ಆಟಗಾರ್ತಿ ನಮ್ಮ ಪಾರ್ಲರ್‌ಗಳ ಗೋಡೆ ಮೇಲೆ ಒಂದು ಫೋಟೊವಾಗಿಯೂ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಪಂಕಜ್ ಅಡ್ವಾಣಿ ಅವರದು ಎಲ್ಲರಿಗೂ ಗೊತ್ತಿರುವ ಹೆಸರು. ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಕೈಕೆಳಗೆ ಕಲಿತು, 2003ರಲ್ಲಿ 18ನೇ ವಯಸ್ಸಿಗೆ ಚೀನಾದ ಜಿಯಾಂಗ್‌ಮೆನ್‌ನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದರು. ಎರಡು ವರ್ಷಕ್ಕೆ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಅಂಕದ ಮತ್ತು ಸಮಯದ ಎರಡೂ ಪ್ರಕಾರದಲ್ಲಿ ವಿಶ್ವ ಪ್ರಶಸ್ತಿ ಗೆದ್ದರು. 2012ರಿಂದ ಎರಡು ಋತು ವೃತ್ತಿಪರ ಸ್ನೂಕರ್ ಟೂರ್ ಆಡಿ, ಅದನ್ನು ಬಿಟ್ಟು ಬಂದರು. ಒಂದಕ್ಕಿಂತ ಹೆಚ್ಚು ಆಟದ ಮಾತು ಬಂತಲ್ಲ, 2017ರಲ್ಲಿ ಅಹ್ಮದಾಬಾದಿನಲ್ಲಿ ನಡೆದ ಕ್ಯೂ ಸ್ಲ್ಯಾಮ್ ಲೀಗ್ ನನಗೆ ಇಷ್ಟವಾದದ್ದು ಒಂದೇ ಕಾರಣಕ್ಕೆ. ಆರು ಕೆಂಪಿನ ಸ್ನೂಕರ್ ಮತ್ತು 9-ಬಾಲ್ ಪೂಲ್ ಎರಡನ್ನೂ ಅಲ್ಲಿ ಒಂದೇ ಪಂದ್ಯದೊಳಗೆ ಇಟ್ಟಿದ್ದರು. ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗುವ ಹತ್ತು ಹೆಜ್ಜೆಯಲ್ಲಿ ಕಣ್ಣಿನ ಅಳತೆ ಬದಲಾಗಬೇಕು. ಅಂಥದ್ದು ಬೆಳಗಾವಿಯಲ್ಲಿ ನಡೆದರೆ ಟಿಕೆಟ್ ತೆಗೆಸಿ ನೋಡುತ್ತೇನೆ.

ಸ್ನೂಕರ್‌ನಿಂದ ಪೂಲ್‌ಗೆ ಇಳಿದವರಲ್ಲಿ ಇತ್ತೀಚಿನ ದೊಡ್ಡ ಉದಾಹರಣೆ ಜಡ್ ಟ್ರಂಪ್. 2019ರ ವಿಶ್ವ ಸ್ನೂಕರ್ ಚಾಂಪಿಯನ್, ಈ ಕಾಲದ ಅತ್ಯಂತ ಚೆಂದದ ಪಾಟರ್. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಯುಎಸ್ ಓಪನ್ ಪೂಲ್‌ಗೆ ಹೆಸರು ಕೊಟ್ಟರು. ಪ್ರಶಸ್ತಿ ಅವರ ಹತ್ತಿರ ಸುಳಿಯಲಿಲ್ಲ. ಗೆದ್ದವರು ಫಿಲಿಪೀನ್ಸ್‌ನ ಕಾರ್ಲೊ ಬಿಯಾಡೊ. ಫೈನಲ್‌ನಲ್ಲಿ 3-8ರಿಂದ ಹಿಂದಿದ್ದವರು ಸತತ ಹತ್ತು ರ್‍ಯಾಕ್ ಗೆದ್ದು 13-8 ಮಾಡಿದರು. ಟ್ರಂಪ್ ಸೋತದ್ದನ್ನು ಹಿಡಿದು "ನೋಡ್ರಿ, ಆಗೂದಿಲ್ಲ" ಅಂದವರಿದ್ದಾರೆ. ನಾನು ಬೇರೆಯಾಗಿ ನೋಡುತ್ತೇನೆ. ಬಿಯಾಡೊ ಕಲಿತ ದೇಶದಲ್ಲಿ ಪೂಲ್ ಟೇಬಲ್ ಗಲ್ಲಿ ಗಲ್ಲಿಗಳಲ್ಲಿದೆ. 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ 9-ಬಾಲ್ ಗೆದ್ದ ಎಫ್ರೆನ್ ರೆಯೆಸ್ ಬಂದದ್ದೂ ಅಂಥ ಗಲ್ಲಿಯಿಂದಲೇ. ಅಂಥ ಆಟಗಾರರೆದುರು ಬೇರೆ ಆಟದ ದೊರೆಯೊಬ್ಬ ಸಾಮಾನ್ಯ ಸ್ಪರ್ಧಿಯಾಗಿ ಹೆಸರು ಬರೆಸಿ ನಿಂತದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಸ್ನೂಕರ್‌ನವರು ಪೂಲ್ ಅನ್ನು ಕೀಳಾಗಿ ಕಾಣುವುದಕ್ಕೆ ಇತಿಹಾಸದಲ್ಲೂ ಆಧಾರವಿಲ್ಲ. 1875ರಲ್ಲಿ ಜಬಲ್ಪುರದ ಮಿಲಿಟರಿ ಮೆಸ್‌ನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ತರುಣ ಅಧಿಕಾರಿ ಆಗಿನ 'ಬ್ಲ್ಯಾಕ್ ಪೂಲ್' ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡು ಸೇರಿಸಿದ್ದರಿಂದ ಸ್ನೂಕರ್ ಹುಟ್ಟಿತು. 1882ರಲ್ಲಿ ಊಟಿ ಕ್ಲಬ್‌ನಲ್ಲಿ ಅದರ ನಿಯಮ ಗೋಡೆಗೆ ಬಂತು. ಇಂದಿನ ಅಮೆರಿಕನ್ ಪೂಲ್ ಬೇರೆ ಕವಲು ನಿಜ, ಆದರೆ ಸ್ನೂಕರ್‌ನ ತವರು ಮನೆಯ ಹೆಸರೂ ಪೂಲ್ ಎಂದೇ. ಇದನ್ನು ನಮ್ಮ ಬೆಳಗಾವಿಯ ಕ್ಯಾಂಪ್, ಅಂದರೆ ದಂಡು ಪ್ರದೇಶದ ಹಳೇ ಮರಗಳ ಕೆಳಗೆ ಓಡಾಡುವಾಗಲೆಲ್ಲ ನೆನೆಯುತ್ತೇನೆ. ಸೇನೆ ಇದ್ದಲ್ಲಿ ಮೆಸ್, ಮೆಸ್ ಇದ್ದಲ್ಲಿ ಟೇಬಲ್. ಈ ಆಟ ದಂಡಿನ ಊರುಗಳ ಬೆನ್ನು ಹತ್ತಿಯೇ ಹರಡಿತು.

ಈಗ ಬೆಳಗಾವಿಯ ಪಾರ್ಲರ್‌ಗಳಲ್ಲಿ ಏನು ಕಾಣುತ್ತೇವೆ? ಸ್ನೂಕರ್ ಟೇಬಲ್ ಒಳಗೆ, ಎ.ಸಿ. ಕೆಳಗೆ. ಪೂಲ್ ಟೇಬಲ್ ಬಾಗಿಲ ಹತ್ತಿರ, ಚಪ್ಪಲಿ ಬಿಡುವಲ್ಲಿ. ಮಳೆಗಾಲದಲ್ಲಿ ಒದ್ದೆ ಗಾಳಿ ಮೊದಲು ಹೊಡೆಯುವುದು ಅದಕ್ಕೇ. ಅಂತರರಾಷ್ಟ್ರೀಯ ಸ್ನೂಕರ್ ಟೇಬಲ್‌ಗಳಲ್ಲಿ ಕಲ್ಲಿನ ಕೆಳಗೆ ಹೀಟರ್ ಇಟ್ಟು ತೇವ ಓಡಿಸುತ್ತಾರೆ. ನಮ್ಮಲ್ಲಿ ಜುಲೈ ಬಂದರೆ ಬಟ್ಟೆ ಭಾರವಾಗಿ ಚೆಂಡು ಒಂದಡಿ ಮೊದಲೇ ನಿಲ್ಲುತ್ತದೆ. ಪೂಲ್ ಆಡುವ ಹುಡುಗರನ್ನು ಅಂಕ ಬರೆಯುವ ಮಾರ್ಕರ್ ಕೂಡ "ಟೈಂಪಾಸ್ ಗಿರಾಕಿ" ಅನ್ನುತ್ತಾನೆ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ 8-ಬಾಲ್, 9-ಬಾಲ್, 10-ಬಾಲ್‌ಗೆ ಪದಕ ಇದೆ ಎಂಬುದು ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪಾರ್ಲರ್ ನಡೆಸುವವರು ಒಂದು ಪೂಲ್ ಟೇಬಲ್‌ಗಾದರೂ ಒಳ್ಳೆಯ ಬಟ್ಟೆ ಹಾಕಿಸಿ, ಒಳಗೆ ತರಲಿ ಎಂದು ಕೈಮುಗಿದು ಕೇಳುತ್ತೇನೆ.

ಹೋದ ರವಿವಾರ ಹುಡುಗ ತಾನಾಗಿ ಫೋನ್ ಮಾಡಿದ. "ಕಾಕಾ, ಖಾನಾಪುರಕ್ಕ ಹೋಗೂಣೇನ್ರಿ?" ಬೆಳಿಗ್ಗೆ 9ಕ್ಕೆ ಹೋದೆವು, ಕೋಣೆ ಆಗಷ್ಟೇ ತೆಗೆದಿದ್ದರು. ಅವನು ಪಂದ್ಯ ಕೇಳಲಿಲ್ಲ. ಬ್ರೇಕ್ ಹೊಡೆಯುತ್ತೇನೆ, ರ್‍ಯಾಕ್ ಕಟ್ಟಿಕೊಡ್ತೀರಾ ಎಂದು ಇಟ್ಟಿಗೆ ಲಾರಿಯ ಯುವಕನನ್ನು ಕೇಳಿದ. ಅವನು ಖುಷಿಯಿಂದ ಒಂಬತ್ತು ಚೆಂಡನ್ನು ಶಂಕರಪೋಳಿಯ ಆಕಾರಕ್ಕೆ ಕೂಡಿಸಿ, ಬೆರಳಿನಿಂದ ಒತ್ತಿ, ನಡುವೆ ಸಂದು ಇಲ್ಲದಂತೆ ಇಡುತ್ತಾ ಹೋದ. ಮೊದಲ ಹೊಡೆತಕ್ಕೆ ಬಿಳಿ ಚೆಂಡು ಟೇಬಲ್ ಬಿಟ್ಟು ಹಾರಿ ಹೊಸ್ತಿಲ ತನಕ ಉರುಳಿತು. ಎಂಟು ಹತ್ತು ಸಲ ಆದ ಮೇಲೆ ಹುಡುಗ ಗದ್ದ ಕ್ಯೂನಿಂದ ಮೇಲೆತ್ತಿದ, ಹಿಂಗಾಲು ಸಡಿಲ ಬಿಟ್ಟ. ಹದಿನೇಳನೆಯದಕ್ಕೆ ಎರಡು ಚೆಂಡು ಒಳಗೆ ಹೋದವು, ಬಿಳಿ ಚೆಂಡು ಒಂದು ಮೊಳ ಹಿಂದೆ ಬಂದು ಟೇಬಲ್ ನಡುವೆ ನಿಂತಿತು.

ಆಮೇಲೆ ಆಡಿದರು. 4-5ರಿಂದ ಸೋತ. ಕೊನೆಯ ರ್‍ಯಾಕ್‌ನಲ್ಲಿ 8ನ್ನು ಕಿಟಕಿ ಬದಿಯ ಮೂಲೆಗೆ ಹಾಕಲು ಹೊರಟಾಗ ಎದುರಾಳಿಯೇ ಕೈ ಅಡ್ಡ ಹಿಡಿದು, "ಈ ಮೂಲ್ಯಾಗ ಮೆಲ್ಲಕ ಹೊಡೀಬ್ಯಾಡ್ರಿ ಭಾವು, ಎಳಿತೈತಿ" ಅಂದ. ಹುಡುಗ ಎದ್ದು, ಟೇಬಲ್ ಸುತ್ತಿ ಬಂದು, ಕಾಲಿನ ಕೆಳಗಿನ ಹೆಂಚಿನ ಚೂರನ್ನು ಬಗ್ಗಿ ನೋಡಿ, ಮತ್ತೆ ಕ್ಯೂಗೆ ಚಾಕ್ ಹಚ್ಚತೊಡಗಿದ.